ಏನು ನೋಡಿ ಬಂದೆ ಅಂತ ಕೇಳುವವರಿಗೆ

ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೋಗಿ ಬಂದ ಮೇಲೆ ವಿಜಯಪುರದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಅಲ್ಲಿ ನೋಡಾಕ ಏನೈತಿ?" ಬಾಯಿ ಸೋತಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಲಿಂಕ್ ಕಳಿಸಿಬಿಡ್ತೀನಿ.

ಏನೂ ಇಲ್ಲ.

ಮಾಲ್ ಇಲ್ಲ, ಕೋಟೆ ಇಲ್ಲ, ಫೋಟೊ ತೆಗೆಸಿಕೊಳ್ಳುವ ಪಾಯಿಂಟ್ ಇಲ್ಲ. ಉದ್ದ ಹತ್ತು ಕಿ.ಮೀ. ಒಳಗೆ. ಅಗಲ ಎಷ್ಟೇ ಅಂದರೂ ಅರ್ಧ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಎಲ್ಲಿ ನೋಡಿದರೂ ತೆಂಗಿನ ಮರ.

ಸಂಬಂಧಿಕರ ವಾಸ್ತುಶಾಂತಿ ಊಟದಲ್ಲಿ ಕಾಕಾ ಪಂಕ್ತಿಯ ಆ ತುದಿಯಿಂದಲೇ ಕೂಗಿ ಕೇಳಿದರು. "ಏನ್ ನೋಡಿ ಬಂದ್ಯೋ?"

"ಸಮುದ್ರ, ಕಾಕಾ."

"ಅದು ಕಾರವಾರದಾಗೂ ಐತಿ."

ಎಲ್ಲರೂ ನಕ್ಕರು. ಹೋಳಿಗೆ ಬಡಿಸುತ್ತಿದ್ದ ಹುಡುಗ ನಗುತ್ತ ನನಗೆ ತುಪ್ಪ ಹಾಕುವುದನ್ನೇ ಮರೆತ. ಕಡಮತ್ ಕೂಡ 1956ರವರೆಗೆ ನಮ್ಮ ಕರಾವಳಿಗೇ, ದಕ್ಷಿಣ ಕನ್ನಡ ಜಿಲ್ಲೆಗೆ, ಸೇರಿತ್ತು ಅಂತ ಹೇಳಬೇಕೆನ್ನುವಷ್ಟರಲ್ಲಿ ಮುಂದಿನದು ಬಂತು.

"ಮತ್ತ ದಿನಾ ಏನ್ ಮಾಡ್ತಿದ್ದಿ?"

"ಸುಮ್ನ ಕುಂತಿದ್ದೆ."

"ಸುಮ್ನ ಕುಂದ್ರಾಕ ಅಷ್ಟ್ ದೂರ? ನಮ್ಮ ಹೊಲದಾಗ ಕುಂದ್ರಬೇಕಿಲ್ಲ?"

ಕಾಕಾರ ಹೊಲದಲ್ಲಿ ಸುಮ್ನೆ ಕುಳಿತವನನ್ನು ನಾನಿನ್ನೂ ಕಂಡಿಲ್ಲ. ಕುಳಿತ ಐದು ನಿಮಿಷಕ್ಕೆ ತ್ರೀ ಫೇಸ್ ಬಂತೇನು ನೋಡು, ಮೋಟಾರ್ ಹಚ್ಚು ಅಂತಾರೆ.

ನಮ್ಮೂರಿನವರನ್ನು ಪೂರ್ತಿ ಬೈಯಲೂ ಆಗಲ್ಲ. ಬಂದ ನೆಂಟರನ್ನು ಬೆಳಿಗ್ಗೆ ಗೋಳಗುಮ್ಮಟ ಹತ್ತಿಸಿ ಕೂಗಿಸ್ತೀವಿ. ಆಮೇಲೆ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ, ಮುಗೀತು. ಪ್ರವಾಸ ಅಂದರೆ ಹಾಜರಿ ಹಾಕೋದು ಅಂತ ರೂಢಿಯಾಗಿಬಿಟ್ಟಿದೆ. ಆದರೆ "ರೊಕ್ಕ ಹೆಚ್ಚಾಗ್ಯಾವೇನು?" ಅಂತ ಬಾಲ ಸೇರಿಸುತ್ತಾರಲ್ಲ, ಅವರಿಗೆ ಹೇಳ್ತೀನಿ: ರೊಕ್ಕ ನಂದು.

ನೋಡಿದ್ದು ಅಂತ ಹೇಳಲೇಬೇಕಾದರೆ ಒಂದು ಆಮೆ. ಪಡುವಣ ದಿಕ್ಕಿಗೆ ಹವಳದ ದಿಬ್ಬ ಅಲೆಗಳನ್ನು ತಡೆಯುತ್ತದೆ. ಅದರ ಒಳಗಿನ ನೀರು ಸೊಂಟದಷ್ಟು ಆಳ, ಕಾಲ್ಬೆರಳು ಕಾಣುವಷ್ಟು ತಿಳಿ. ಆಮೆ ತಳದ ಹುಲ್ಲು ಮೇಯುತ್ತಿತ್ತು. ತಲೆ ಮೇಲೆತ್ತಿ ಫುಸ್ ಅಂತ ಉಸಿರು ಬಿಟ್ಟು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಮೇಯಲು ಹೋಯಿತು. ಏನು ನೋಡಾಕ ಬಂದಿ ಅಂತ ಅದು ಕೇಳಲಿಲ್ಲ.

ಸವಳು ನೀರು ಕುಡಿದು ಬೆಳೆದ ಈ ಜಿಲ್ಲೆಯವರು ಕೇಳಬೇಕಾದದ್ದು ಬೇರೆ ಅಲ್ವಾ? ಸುತ್ತ ಉಪ್ಪು ಸಮುದ್ರ, ಒಂದು ಹೊಳೆ ಇಲ್ಲ, ಐದು ಸಾವಿರಕ್ಕೂ ಜಾಸ್ತಿ ಜನ. ಕುಡಿಯುವ ನೀರು ಎಲ್ಲಿಂದ? ಒಬ್ಬರೂ ಕೇಳಲಿಲ್ಲ.

ಮಳೆ ನೀರು ಹವಳದ ಮರಳಿನಲ್ಲಿ ಇಂಗುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಹಾಗಾಗಿ ಹಾಲಿನ ಮೇಲೆ ಕೆನೆ ನಿಂತಂತೆ ಸಿಹಿ ನೀರು ಮೇಲೆ ನಿಲ್ಲುತ್ತದೆ. ಬಾವಿಗಳು ಆಳವಿಲ್ಲ. ಮೋಟಾರ್ ಹಚ್ಚಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ನೀರು ಮೇಲೇರಿ ಬಾವಿ ಕೆಡುತ್ತದೆ. ನಮ್ಮಲ್ಲಿ ನೀರು ಬೀಳದಿದ್ದರೆ ಇನ್ನೂ ನೂರು ಅಡಿ ಕೊರಸು ಅಂತೀವಿ. ಅಲ್ಲಿ ಕೊರೆಸಿದರೆ ಸಿಗೋದು ಸಮುದ್ರವೇ. ಅದಕ್ಕೇ ಸೂರಿನ ಮಳೆ ನೀರನ್ನು ಟಾಕಿಗೆ ಹಿಡಿಯುತ್ತಾರೆ. ಲಕ್ಷದ್ವೀಪದ್ದೇ ಆದ ಕವರತ್ತಿ ದ್ವೀಪದಲ್ಲಿ 2005ರಿಂದ ಸಮುದ್ರದ ನೀರನ್ನೇ ಆವಿ ಮಾಡಿ, ಆಳದ ತಣ್ಣನೆ ನೀರಿನಿಂದ ಆ ಆವಿ ತಣಿಸಿ, ಸಿಹಿ ನೀರು ತೆಗೆಯುತ್ತಾರೆ. ದಿನಕ್ಕೆ 1 ಲಕ್ಷ ಲೀಟರ್ ತೆಗೆಯುವ ಘಟಕ. 1620ರಲ್ಲಿ ತಾಜ್ ಬಾವಡಿಯಂಥ ಬಾವಿ ಕಟ್ಟಿಸಿಕೊಂಡ ಊರಿನವರು ನಾವು. ಇದನ್ನು ಕೇಳಿದ್ದರೆ ಹೋಳಿಗೆ ಬಿಟ್ಟು ಹೇಳುತ್ತಿದ್ದೆ.

ಹೋಗುವವರಿಗೆ: ಪರ್ಮಿಟ್ ಬೇಕು. ಹಡಗು ಕೊಚ್ಚಿಯಿಂದ. ಮಳೆಗಾಲದಲ್ಲಿ ಸಮುದ್ರ ಕೆಟ್ಟಿರುತ್ತದೆ, ಬೇಡ. ಇನ್ನೊಂದು ಪ್ರಶ್ನೆಯನ್ನು ಗೆಳೆಯರು ದನಿ ತಗ್ಗಿಸಿ ಕೇಳುತ್ತಾರೆ: "ಎಣ್ಣಿ ಸಿಗತೈತೇನೋ?" ನಾನು ಹೋದಾಗ ಅಲ್ಲಿ ಮದ್ಯ ನಿಷೇಧ ಇತ್ತು. ಎಳನೀರು ಬೇಕಾದಷ್ಟು. ಮುಂದಿನ ಸಲ ನಾವೂ ಬರ್ತೀವಿ ಅಂದಿದ್ದ ಇಬ್ಬರು ಅವತ್ತಿನಿಂದ ಫೋನ್ ಮಾಡಿಲ್ಲ.