ಸುಣ್ಣದ ನೀರಿನ ಊರಲ್ಲಿ ಫಿಲ್ಮ್ ಒಣಗಿಸುವುದು

ಚಿತ್ರ ಮೂಡಿಸುವ ಡೆವಲಪರ್, ಅದನ್ನು ಕಾಯಂ ಮಾಡುವ ಫಿಕ್ಸರ್ ಎಲ್ಲವೂ ಸರಿಯಾಗಿ ಕೆಲಸ ಮಾಡಿದ ಕ್ಯಾಮೆರಾ ಫಿಲ್ಮ್ ಕಲಬುರಗಿಯಲ್ಲಿ ಕೆಡುವುದು ಒಣಗುವ ಹೊತ್ತಿನಲ್ಲಿ. ಹಫ್ತ್ ಗುಂಬಜ್ ಮೇಲಿನ ಖಾಲಿ ಆಕಾಶದಲ್ಲಿ ಒಂದು ಉಂಗುರದ ಕಲೆ ಬಿದ್ದರೆ ಆ ಫ್ರೇಮ್ ಹೋಯಿತು ಅಂತಲೇ ಲೆಕ್ಕ. ಕಲೆಗೆ ಕಾರಣ ನೀರು. ಗೀರಿಗೆ ಕಾರಣ, ಬಹುಪಾಲು, ಆ ನೀರನ್ನು ಒರೆಸಿ ತೆಗೆಯಲು ಹೋಗುವ ಕೈ. ಆದ್ದರಿಂದ ನೀರನ್ನು ಮೊದಲು ಸರಿಮಾಡಿಕೊಳ್ಳಬೇಕು. ಆಮೇಲೆ ಫಿಲ್ಮನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ನೆಲದಡಿ ಇರುವುದು ಸುಣ್ಣಕಲ್ಲು. ಮನೆಮನೆಗೆ ಹಾಸಿದ ಫರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ಆ ಕಲ್ಲಿನ ಸಂದಿಯಿಂದ ಬರುವ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆರಿದಾಗ ಅವು ಕಾರ್ಬೊನೇಟ್ ಆಗಿ ಹಿಂದೆ ಉಳಿಯುತ್ತವೆ. ಬೇಸಿಗೆ ಮುಗಿದ ಮೇಲೆ ಕೂಲರಿನ ಹುಲ್ಲಿನ ಪ್ಯಾಡ್ ಬಿಚ್ಚಿ ನೋಡಿ: ಒಂದೊಂದು ಎಳೆಗೂ ಬಿಳಿ ಪೊರೆ ಕಟ್ಟಿ, ಬೆರಳಿಗೆ ಚರಚರ ಅನ್ನುತ್ತದೆ. ನೆಗೆಟಿವ್ ಮೇಲೆ ಕೂರುವುದೂ ಇದೇ ಪೊರೆ.

ಕುಡಿಯಲು ಯೋಗ್ಯವಾದ ನೀರು ಫಿಲ್ಮಿಗೆ ಯೋಗ್ಯವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ, ಅಂದರೆ ಐಎಸ್ 10500ರಲ್ಲಿ, ಲೀಟರಿಗೆ 500 ಮಿಲಿಗ್ರಾಂ ಕರಗಿದ ಲವಣ ಒಪ್ಪಿತ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. 500ರ ನೀರಿನ ಒಂದು ಹನಿ, ಸುಮಾರು 0.05 ಮಿಲೀ, ಆರಿದರೆ 25 ಮೈಕ್ರೋಗ್ರಾಂ ಲವಣ ಒಂದೇ ಚುಕ್ಕೆಯಲ್ಲಿ ಉಳಿಯುತ್ತದೆ. ಲವಣ 10 ಮಿಲಿಗ್ರಾಮಿಗೆ ಇಳಿದರೆ ಉಳಿಯುವುದು ಅರ್ಧ ಮೈಕ್ರೋಗ್ರಾಂ, ಕಣ್ಣಿಗೆ ಬೀಳುವುದೇ ಕಷ್ಟ.

ಹಾಗಂತ ಇಡೀ ತೊಳೆತಕ್ಕೆ ದುಬಾರಿ ನೀರು ಬೇಕಿಲ್ಲ. ಫಿಕ್ಸರ್ ಆದ ಮೇಲಿನ ತೊಳೆತಕ್ಕೆ ನಲ್ಲಿ ನೀರು, ಬೋರಿನ ನೀರು ಯಾವುದಾದರೂ ಆದೀತು, ಆದರೆ ಬಿಳಿ ಬಟ್ಟೆಯಲ್ಲಿ ಸೋಸಿರಬೇಕು. ಇಲ್ಲದಿದ್ದರೆ ಟ್ಯಾಂಕಿನ ತಳದ ಮಣ್ಣಿನ ಕಣ ಫಿಲ್ಮಿನ ಮೇಲೆ ಚಿತ್ರ ಹಿಡಿದಿಡುವ ಒದ್ದೆ ಜೆಲಟಿನ್‌ಗೆ ಕಚ್ಚಿಕೊಂಡು ಒಣಗಿದ ಮೇಲೂ ಬಿಡುವುದಿಲ್ಲ. ಇಲ್‌ಫರ್ಡ್ ಎಂಬ ಫಿಲ್ಮ್ ಕಂಪನಿ ಹೇಳುವ ಕ್ರಮ ನೀರಿನ ಬರವಿರುವ ನಮ್ಮ ಕಡೆಗೆ ಹೇಳಿ ಮಾಡಿಸಿದಂತಿದೆ: ಫಿಲ್ಮ್ ಇರುವ ಡೆವಲಪಿಂಗ್ ಟ್ಯಾಂಕ್ ತುಂಬಿ 5 ಸಲ ಬುಡಮೇಲು ಮಾಡಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಗಟ್ಟಿಗೊಳಿಸುವ ಪಟಕ ಸೇರದ ಫಿಕ್ಸರ್ ಬಳಸಿದ್ದರೆ ಇಷ್ಟು ಸಾಕು. ಪಟಕದ ಫಿಕ್ಸರ್ ಆಗಿದ್ದರೆ ತೊಳೆತ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು.

ಇಲ್ಲಿ ಬಿಸಿಯ ಮಾತು ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಆ ನೀರಿನಲ್ಲಿ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ. ಆಗ ಉಗುರಿನ ತುದಿ ತಾಗಿದರೂ ಎಮಲ್ಶನ್, ಅಂದರೆ ಚಿತ್ರವಿರುವ ಆ ಪದರ, ಕಿತ್ತು ಬರುತ್ತದೆ. 20 ಡಿಗ್ರಿಯ ಡೆವಲಪರಿನಿಂದ ನೇರ 38 ಡಿಗ್ರಿಯ ನೀರಿಗೆ ಹಾಕಿದರೆ ಎಮಲ್ಶನ್ ನೆರಿಗೆ ಬಿದ್ದು, ಚಿತ್ರದ ತುಂಬ ಬಿರುಕಿನ ಬಲೆ ಹರಡಿದಂತೆ ಕಾಣಬಹುದು. ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಟ್ಟರೆ ಬೆಳಗಿನ ಹೊತ್ತಿಗೆ 24-25 ಡಿಗ್ರಿ ಆಸುಪಾಸಿಗೆ ಇಳಿಸುವುದು ಕಷ್ಟವಲ್ಲ, ಬೇಕಿದ್ದರೆ ಪಾಕೀಟಿನಲ್ಲಿ ಕಟ್ಟಿದ ಮಂಜುಗಡ್ಡೆ ಇಳಿಬಿಡಿ. ಡೆವಲಪರಿನಿಂದ, ಒಣಗಿಸುವ ಮೊದಲು ಅದ್ದುವ ಕೊನೆಯ ಸ್ನಾನದವರೆಗೆ ಎಲ್ಲ ದ್ರಾವಣಗಳೂ ಒಂದಕ್ಕೊಂದು ಎರಡು-ಮೂರು ಡಿಗ್ರಿಯೊಳಗೆ ಇರಲಿ.

ಡಿಸ್ಟಿಲ್ಡ್ ನೀರು ಬೇಕಾಗುವುದು ಈ ಕೊನೆಯ ಸ್ನಾನಕ್ಕೆ ಮಾತ್ರ. ಇನ್ವರ್ಟರ್ ಅಂಗಡಿಯಲ್ಲಿ 5 ಲೀಟರಿನ ಕ್ಯಾನಿನಲ್ಲಿ ಸಿಗುವ ಬ್ಯಾಟರಿ ನೀರು ಸಾಕು; ಸೀಲ್ ಒಡೆಯದ ಕ್ಯಾನ್ ಕೇಳಿ ಪಡೆಯಿರಿ. ಪಕ್ಕದಲ್ಲೇ ಬ್ಯಾಟರಿ ಆ್ಯಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದದೆ ತರಬೇಡಿ. ಮನೆಯ ಆರ್‌ಓ ನೀರು ಎರಡನೆಯ ಆಯ್ಕೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 30ರ ಒಳಗೆ ತೋರಿಸಿದರೆ ಬಳಸಬಹುದು. ಆದರೆ ರುಚಿಗಾಗಿ ಲವಣ ಮರಳಿ ಸೇರಿಸುವ ಯಂತ್ರಗಳಲ್ಲಿ 100 ದಾಟುವುದುಂಟು, ಆ ನೀರು ಬೇಡ.

ಇದಕ್ಕೆ ವೆಟ್ಟಿಂಗ್ ಏಜೆಂಟ್, ಅಂದರೆ ನೀರು ಹನಿಗಟ್ಟದೆ ಒಂದೇ ಸಮ ಜಾರುವಂತೆ ಮಾಡುವ ದ್ರವ, ಬೆರೆಸಬೇಕು. ಕೊಡಾಕ್ ಫೋಟೋ-ಫ್ಲೋ 200, ಇಲ್‌ಫರ್ಡ್ ಇಲ್‌ಫೋಟಾಲ್ ಎರಡಕ್ಕೂ ಅಳತೆ 1:200, ಅಂದರೆ ಲೀಟರಿಗೆ 5 ಮಿಲೀ. ಫಿಲ್ಮ್ ಸುತ್ತುವ ಒಂದು 35 ಎಂಎಂ ರೀಲಿಗೆ ಪ್ಯಾಟರ್ಸನ್ ಕಂಪನಿಯ ಟ್ಯಾಂಕಿನಲ್ಲಿ 290 ಮಿಲೀ ಹಿಡಿಯುತ್ತದೆ. 300 ಮಿಲೀ ನೀರು ತೆಗೆದುಕೊಂಡು, ಔಷಧಿ ಅಂಗಡಿಯ 2 ಮಿಲೀ ಸಿರಿಂಜಿನಲ್ಲಿ 1.5 ಮಿಲೀ ಅಳೆದು ಹಾಕಿ. ಮುಚ್ಚಳದಿಂದ ಅಂದಾಜಿಗೆ ಸುರಿಯುವವರಿಗೆ ಕಲೆ ತಪ್ಪುವುದಿಲ್ಲ. ಹೆಚ್ಚಾದರೆ ಫಿಲ್ಮ್ ಮೇಲೆ ಎಣ್ಣೆ ಸವರಿದಂಥ ಪಸೆ ನಿಂತು ಅದಕ್ಕೆ ದೂಳು ಅಂಟುತ್ತದೆ. ಡಿಸ್ಟಿಲ್ಡ್ ನೀರಿಗೆ ಅರ್ಧ ಅಳತೆಯೂ ಸಾಕಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಬಣ್ಣ, ಪರಿಮಳ, ಕೈಗೆ ಮೃದು ಅನ್ನಿಸುವ ಎಣ್ಣೆಯಂಶ ಸೇರಿರುತ್ತವೆ. ಅದರ ಬದಲು ಬರೀ ಡಿಸ್ಟಿಲ್ಡ್ ನೀರೇ ವಾಸಿ. ಕಲರ್ ಫಿಲ್ಮಿಗೆ ಇದ್ಯಾವುದೂ ಬೇಡ. ಕಲರ್ ನೆಗೆಟಿವ್ ತೊಳೆಯುವ ಸಿ-41 ಕಿಟ್ಟಿನ ಸ್ಟೆಬಿಲೈಸರೇ ಅದರ ಕೊನೆಯ ಸ್ನಾನ, ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಆಮೇಲೆ ತೊಳೆಯಬಾರದು.

ರೀಲನ್ನು ಒಂದು ನಿಮಿಷ ಮುಳುಗಿಸಿಡಿ, ಕುಲುಕಬೇಡಿ. ನೊರೆ ಎದ್ದರೆ ಒಂದೊಂದು ಗುಳ್ಳೆಯೂ ಒಂದೊಂದು ಕಲೆ. ಫಿಲ್ಮ್ ರೀಲಿನಲ್ಲೇ ಇದ್ದಾಗ ಬಕೆಟಿನೊಳಗೆ ನಾಲ್ಕೈದು ಸಲ ಬೀಸಿ ಜಾಡಿಸಿದರೆ ಹೆಚ್ಚಿನ ನೀರು ಅಲ್ಲೇ ಹೋಗುತ್ತದೆ. ಪ್ಲಾಸ್ಟಿಕ್ ರೀಲನ್ನು ಕೂಡಲೇ ಬಿಸಿನೀರಿನಲ್ಲಿ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿಡಬೇಕು. ಇಲ್ಲವಾದರೆ ಏಜೆಂಟ್ ಒಣಗಿ ರೀಲಿನ ಸಂದಿಯಲ್ಲಿ ಜಿಗುಟಾಗಿ, ಮುಂದಿನ ಫಿಲ್ಮ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಒದ್ದೆ ಫಿಲ್ಮಿನ ನೀರು ಒರೆಸುವ ರಬ್ಬರ್ ಸ್ಕ್ವೀಜಿ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಈ ಊರಿನಲ್ಲಿ ಅದು ಬೇಡವೇ ಬೇಡ. ಇಲ್ಲಿನ ಗಾಳಿಯಲ್ಲಿ ಫರಸಿ ಕೊಯ್ಯುವ ಪುಡಿ, ದಾಲ್ ಮಿಲ್ಲಿನ ಹೊಟ್ಟು, ಕರಿಮಣ್ಣು ಸದಾ ತೇಲುತ್ತಿರುತ್ತವೆ. ಒಂದು ಕಣ ರಬ್ಬರಿನ ಅಂಚಿಗೆ ಸಿಕ್ಕಿದರೆ ಮೊದಲ ಫ್ರೇಮಿನಿಂದ 36ನೆಯವರೆಗೆ ನೇರ ಗೆರೆ. ಎರಡು ಬೆರಳ ನಡುವೆ ಎಳೆಯುವುದೂ ಅದೇ ಕಥೆ.

ಬಚ್ಚಲುಮನೆಯೇ ಒಣಗಿಸಲು ಒಳ್ಳೆಯ ಜಾಗ. ಫಿಲ್ಮ್ ತೊಳೆಯಲು ಶುರುಮಾಡುವ ಮೊದಲೇ ಗೀಜರಿನ ಬಿಸಿನೀರು ಗೋಡೆ, ನೆಲಕ್ಕೆಲ್ಲ ಹಾಯಿಸಿ ಬಾಗಿಲು ಹಾಕಿ. ಹದಿನೈದು ನಿಮಿಷದಲ್ಲಿ ಹಬೆಯ ಜೊತೆಗೆ ದೂಳೂ ಕೂರುತ್ತದೆ. ಕಿಟಕಿ, ಎಕ್ಸಾಸ್ಟ್ ಫ್ಯಾನ್ ಬಂದ್ ಇರಲಿ. ಕೂಲರ್ ಹಾಕಿದ ಕೋಣೆಯಲ್ಲಂತೂ ಫಿಲ್ಮ್ ತೂಗುಹಾಕಬೇಡಿ, ಅದು ಬೀಸುವ ತಂಪಿನಲ್ಲಿ ಸುಣ್ಣದ ನೀರಿನ ಸಣ್ಣ ಹನಿಗಳೂ ಇರುತ್ತವೆ. ಹೇರ್ ಡ್ರೈಯರ್ ದೂಳನ್ನು ಒದ್ದೆ ಎಮಲ್ಶನ್ ಮೇಲೆ ಊದಿ ಅಂಟಿಸುತ್ತದೆ.

36 ಫ್ರೇಮಿನ ಫಿಲ್ಮ್ ಸುಮಾರು 1.6 ಮೀಟರ್ ಉದ್ದ. ಮೇಲಿನ ಕ್ಲಿಪ್ಪನ್ನು ಖಾಲಿ ತುದಿಗೆ ಹಾಕಿ, ಕೆಳಗೆ ಭಾರದ ಸ್ಟೀಲ್ ಕ್ಲಿಪ್ ಹಾಕಿ. ಎರಡು ಫಿಲ್ಮ್ ಇದ್ದರೆ ನಡುವೆ ಒಂದು ಗೇಣಾದರೂ ಅಂತರ ಬೇಕು. ಒದ್ದೆಯಲ್ಲಿ ಒಂದಕ್ಕೊಂದು ಅಂಟಿದರೆ ಬಿಡಿಸುವಾಗ ಚಿತ್ರವೇ ಸುಲಿಯುತ್ತದೆ. ಫಿಲ್ಮಿನ ಎರಡೂ ಅಂಚಿನ ಹಲ್ಲಿನ ತೂತುಗಳಲ್ಲಿ ನಿಂತ ನೀರು ತಡವಾಗಿ ಇಳಿದು ಫ್ರೇಮಿನ ಮೇಲೆ ಹರಿಯುವುದುಂಟು. ಹಾಗಾಗುತ್ತಿದ್ದರೆ ಒಂದು ತುದಿ ಎತ್ತರಕ್ಕೆ, ಇನ್ನೊಂದು ತುದಿ ಎದುರು ಗೋಡೆಗೆ ತಗ್ಗಾಗಿ ಕಟ್ಟಿ ಓರೆಯಾಗಿ ತೂಗುಹಾಕಿ, ನೀರು ಕೆಳ ಅಂಚು ಹಿಡಿದು ಜಾರುತ್ತದೆ. ಕೆಳತುದಿಯಲ್ಲಿ ಜೋತ ಹನಿಗೆ ಮಾತ್ರ ಟಿಶ್ಯೂ ಮೂಲೆ ತಾಗಿಸಬಹುದು. ಮೂರು-ನಾಲ್ಕು ತಾಸು ಬಾಗಿಲು ತೆರೆಯಬೇಡಿ. ಬೇಸಿಗೆಯ ಬಯಲು ಗಾಳಿಯಲ್ಲಿ ಬಹಳ ಬೇಗ ಒಣಗುತ್ತದೆ ನಿಜ, ಆದರೆ ಸುರುಳಿ ಸುತ್ತಿಕೊಂಡು ಸ್ಕ್ಯಾನರಿನಲ್ಲಿ ಚಪ್ಪಟೆ ಕೂರುವುದೇ ಇಲ್ಲ.

ಇಷ್ಟಾದರೂ ಕಲೆ ಕಂಡರೆ ದೀಪಕ್ಕೆ ಓರೆಯಾಗಿ ಹಿಡಿದು ಯಾವ ಬದಿಯಲ್ಲಿದೆ ನೋಡಿ. ಹೊಳೆಯುವ ಬದಿಯಲ್ಲಿದ್ದರೆ ಬಾಯಿಯ ಹಬೆ ಕೊಟ್ಟು ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಹಟ ಹಿಡಿದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಮಂದ ಬದಿಯಲ್ಲಿದ್ದರೆ, ಅಂದರೆ ಎಮಲ್ಶನ್ ಮೇಲಿದ್ದರೆ, ಉಜ್ಜಬೇಡಿ. ಕಪ್ಪು-ಬಿಳುಪು ಫಿಲ್ಮನ್ನು ಮತ್ತೆ ರೀಲಿಗೆ ಹಾಕಿ, 20 ಡಿಗ್ರಿಯ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ತಾಸು ನೆನೆಸಿ, ಏಜೆಂಟಿನಲ್ಲಿ ಅದ್ದಿ ಮತ್ತೆ ಒಣಗಿಸಿ. ಹನಿಯ ಕೆಳಗೆ ಜೆಲಟಿನ್ ತಡವಾಗಿ ಒಣಗಿ ಎಳೆದುಕೊಂಡು ಆದ ಉಂಗುರ ಕೆಲವೊಮ್ಮೆ ಹೀಗೂ ಹೋಗುವುದಿಲ್ಲ, ಅದಕ್ಕೆ ಸ್ಕ್ಯಾನ್ ಆದ ಮೇಲಿನ ರಿಟಚಿಂಗೇ ಗತಿ.

ಗೀರಿನ ಮೂಲ ಪ್ರಿಂಟಿನಲ್ಲೇ ಗೊತ್ತಾಗುತ್ತದೆ. ಎಮಲ್ಶನ್ ಕಿತ್ತಿದ್ದರೆ ಅಲ್ಲಿ ಬೆಳ್ಳಿ ಇಲ್ಲ, ಬೆಳಕು ಪೂರ್ತಿ ಹಾಯ್ದು ಗೆರೆ ಕಪ್ಪಾಗಿ ಮೂಡುತ್ತದೆ. ಹೊಳೆಯುವ ಬದಿಯ ಗೀರು ಬೆಳಕನ್ನು ಚದುರಿಸುವುದರಿಂದ ಬಿಳಿ ಗೆರೆ ಬರುತ್ತದೆ. ಒರೆಸದೆಯೂ ಉದ್ದಕ್ಕೂ ನೇರ ಗೆರೆ ಇದ್ದರೆ ಕ್ಯಾಸೆಟ್ಟಿನ ಮಕಮಲ್ ತುಟಿಯಲ್ಲಿ ಅಥವಾ ಕ್ಯಾಮೆರಾದ ಪ್ರೆಶರ್ ಪ್ಲೇಟಿನಲ್ಲಿ ದೂಳು ಕೂತಿದೆ ಅಂತ ತಿಳಿಯಿರಿ. ಗಿಡ್ಡ, ಓರೆ ಗೆರೆಗಳು ಕತ್ತರಿಸುವಾಗ, ಕವರಿಗೆ ತುಂಬುವಾಗ ಬಿದ್ದವು. ಆರಾರು ಫ್ರೇಮ್ ಕತ್ತರಿಸುವಾಗ ಕೆಳಗೆ ಹೊಸ ಬಿಳಿ ಹಾಳೆ ಹಾಸಿ, ಹತ್ತಿಯ ಕೈಗವಸು ಹಾಕಿ ಅಂಚನ್ನಷ್ಟೇ ಹಿಡಿಯಿರಿ. ಕವರ್ ಬಾಯನ್ನು ಅಗಲಿಸಿ ಹಿಡಿದು ಪಟ್ಟಿಯನ್ನು ನೇರ ಒಳಗೆ ಬಿಡಿ. ಕವರ್ ಪಾಲಿಪ್ರೊಪಿಲಿನ್‌ದಾಗಿರಲಿ, ಪಿವಿಸಿಯದು ಬೇಡ.