ಹಾಡು ಬರೆಯೋಕೆ ಯಾವ ಆಪ್, ಸಾರ್?

ಯಾವ ಆಪೂ ಇಲ್ಲ. ಪೆನ್ಸಿಲ್, ಒಂದಿಷ್ಟು ಹಾಳೆ, ಮೊಬೈಲಿನಲ್ಲೇ ಬರುವ ರೆಕಾರ್ಡರ್. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಿಸುತ್ತೇನೆ, ಬೇಜಾರಾದರೆ ಆಗಲಿ.

ಒಮ್ಮೆ ಕಾರ್ಯಕ್ರಮ ಮುಗಿಸಿ ಹೊರಡುವಾಗ ಒಬ್ಬ ಹುಡುಗ ಅಡ್ಡ ಬಂದ. ‘ಸಾರ್, ಒಂದೇ ನಿಮಿಷ, ನಿಮ್ಮ ಟೂಲ್ಸ್ ಏನು?’ ಪೆನ್ಸಿಲ್ ಅಂದೆ. ಮೊಬೈಲಿನಲ್ಲಿ ಬರೆದುಕೊಂಡು ತಲೆ ಎತ್ತಿದ: ‘ಎಚ್‌ಬಿನಾ, ಟೂಬಿನಾ?’ ತಮಾಷೆ ಮಾಡುತ್ತಿದ್ದಾನೇನೋ ಅಂತ ಮುಖ ನೋಡಿದೆ. ಇಲ್ಲ, ಪಾಪ, ಶ್ರದ್ಧೆಯಿಂದಲೇ ಕೇಳಿದ್ದ. ಎಚ್‌ಬಿ ಅಂದೆ, ಅದನ್ನೂ ಬರೆದುಕೊಂಡ. ಅಳಿಸೋಕೆ ರಬ್ಬರ್ ಬೇಕಾಗತ್ತಾ ಅಂತ ಕೇಳಿದ್ದರೆ ಅಲ್ಲೇ ಕೂತು ಒಂದು ಗಂಟೆ ಮಾತಾಡುತ್ತಿದ್ದೆ. ಕೇಳಲಿಲ್ಲ.

ಪ್ರಾಸ ಹುಡುಕಿಕೊಡುವ ಆಪ್ ಬೇಡವಾ ಅನ್ನುತ್ತಾರೆ ಇನ್ನು ಕೆಲವರು. ಕನ್ನಡದಲ್ಲಿ ಅಂತ್ಯಪ್ರಾಸ ಸಿಗದೆ ಯಾರಾದರೂ ಕಷ್ಟಪಟ್ಟಿದ್ದಾರಾ ಸ್ವಾಮಿ? ವಾಕ್ಯದ ಕೊನೆಗೆ ಕ್ರಿಯಾಪದ ತಾನಾಗೇ ಬಂದು ಕೂರುತ್ತದೆ. ಬಂದೆ, ಅಂದೆ, ತಂದೆ. ಸಾಲದ್ದಕ್ಕೆ ವಿಭಕ್ತಿ ಪ್ರತ್ಯಯಗಳಿವೆ: ಮನದಲ್ಲಿ, ವನದಲ್ಲಿ, ದಿನದಲ್ಲಿ. ಬೇಡವೆಂದರೂ ಪ್ರಾಸ ಬಂದು ಬೀಳುವ ಭಾಷೆ ಇದು. ತಡೆಯುವುದೇ ಕೆಲಸ. ಎಐ ಹತ್ತಿರ ಬರೆಸಿದ್ದು ಅಂತ ಜನ ನನಗೆ ಕಳಿಸುವ ಪಲ್ಲವಿಗಳಲ್ಲೂ ಇದೇ ‘ಅಲ್ಲಿ’ಗಳ ಸಾಲು. ನಾನು ಪ್ರತ್ಯಯಕ್ಕೆ ಪ್ರತ್ಯಯ ಜೋಡಿಸಿದ್ದನ್ನು ಪ್ರಾಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಿಜವಾದ ಕಷ್ಟ ಮಾತ್ರೆಯದ್ದು, ಅಂದರೆ ಒಂದೊಂದು ಅಕ್ಷರ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕದ್ದು. ಅದರಲ್ಲೂ ಮೊದಲು ಟ್ಯೂನ್ ಬಂದು ಆಮೇಲೆ ಬರೆಯುವಾಗ. ಟ್ಯೂನ್ ಜೊತೆ ಜಾಗ ತುಂಬಲು ಹಾಕಿದ ಡಮ್ಮಿ ಸಾಹಿತ್ಯ ಬರುತ್ತದೆ, ಇಲ್ಲವಾದರೆ ಬರೀ ತನನ. ಒಂದು ಟ್ಯೂನು ‘ತನನಾ ತನನಾ’ ಅಂತ ಶುರುವಾಗುತ್ತಿತ್ತು. ಎರಡು ಲಘು, ಒಂದು ಗುರು. ಲಘು ಅಂದರೆ ಒಂದು ಮಾತ್ರೆಯ ಗಿಡ್ಡ ಅಕ್ಷರ, ಗುರು ಅಂದರೆ ಎರಡು ಮಾತ್ರೆಯ ಉದ್ದ ಅಕ್ಷರ; ಒಟ್ಟು ನಾಲ್ಕು ಮಾತ್ರೆ. ಮತ್ತೆ ಅಷ್ಟೇ. ‘ನೆರಳಿನ ಜೊತೆಯಲಿ’ ಅಂತ ಬರೆದು ನೋಡಿ. ನಾಲ್ಕು ಲಘು, ನಾಲ್ಕು ಲಘು; ಕಾಗದದ ಮೇಲೆ ಲೆಕ್ಕ ಸರಿ. ಹಾಡಿ ನೋಡಿ. ಮೂರನೇ ಅಕ್ಷರಕ್ಕೆ ಟ್ಯೂನ್ ಎಳೆಯುತ್ತದೆ, ‘ನೆರಳೀ’ ಆಗುತ್ತದೆ, ಪಾಪದ ‘ನ’ ಹೋಗಿ ಮುಂದಿನ ಪದದ ಕೊರಳಿಗೆ ಬೀಳುತ್ತದೆ. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಬದಲಾಗಬಹುದು: ‘ಬಡಿ’ಯನ್ನು ಎಳೆದರೆ ‘ಬಾಡಿ’ಹೋಗುತ್ತದೆ. ಕೊನೆಗೆ ಕೂತದ್ದು ‘ನೆರಳೇ ಜೊತೆ ಬಾ’. ಗುರು ಬೀಳಬೇಕಾದ ಕಡೆ ‘ಳೇ’, ‘ಬಾ’. ಲೆಕ್ಕ ಸರಿಮಾಡಲು ಹೊರಟೆ, ನೆರಳಿನ ಬಗ್ಗೆ ಹೇಳುತ್ತಿದ್ದ ಸಾಲು ನೆರಳನ್ನೇ ಕರೆಯತೊಡಗಿತು. ‘ಇದೆಲ್ಲ ಹೇಗೆ ಹೊಳೆಯುತ್ತೆ?’ ಅಂತ ಕಣ್ಣರಳಿಸಿ ಕೇಳುತ್ತೀರಲ್ಲ, ಹೀಗೆ. ಬೇರೆ ದಾರಿ ಇಲ್ಲದೆ.

ಟ್ಯೂನಿಗೆ ಬರೆಯುವುದು ಕಾವ್ಯವೇ ಅಲ್ಲ ಅನ್ನುವವರಿಗೂ ಇಲ್ಲೇ ಒಂದು ಮಾತು. 10ನೇ ಶತಮಾನದ ನಾಗವರ್ಮ ತನ್ನ ಛಂದಸ್ಸಿನ ಗ್ರಂಥ ಛಂದೋಂಬುಧಿಯಲ್ಲಿ ಅಂಶಗಣದ, ಅಂದರೆ ಮಾತ್ರೆಯ ಬದಲು ಅಂಶಗಳನ್ನು ಎಣಿಸಿ ಗುಂಪು ಕಟ್ಟುವ, ಕನ್ನಡ ಮಟ್ಟುಗಳಿಗೆ ಬೇರೆಯೇ ಜಾಗ ಕೊಟ್ಟಿದ್ದಾನೆ. ತ್ರಿಪದಿ ಆ ಜಾತಿಯದು. ಅಲ್ಲಿ ಗಣದ ಮೊದಲ ಅಂಶಕ್ಕೆ ಒಂದು ಗುರುವಾದರೂ ಆಗುತ್ತದೆ, ಎರಡು ಲಘುವಾದರೂ ಆಗುತ್ತದೆ. ಆಮೇಲಿನ ಅಂಶಗಳಿಗೆ ಗುರುವೂ ಸೈ, ಲಘುವೂ ಸೈ. ಕಡಿಮೆ ಬಿದ್ದದ್ದನ್ನು ಹಾಡುವ ದನಿ ತುಂಬಿಕೊಳ್ಳಲಿ ಎಂಬ ಭರವಸೆ ಅದು. ಹಾಡುವ ಬಾಯನ್ನು ನಂಬಿ ಬರೆದವರು ನಮಗಿಂತ ಎಷ್ಟೋ ಮುಂಚೆಯೇ ಇದ್ದರು. ಹೋಗಲಿ ಬಿಡಿ.

ಆ ಬಾಯಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹಾಡುವವರು ಉಸಿರು ಎಲ್ಲಿ ತೆಗೆದುಕೊಳ್ಳಬೇಕು? ಮೇಲಿನ ಸ್ಥಾಯಿಗೆ ಹೋದಾಗ ಅವರ ಬಾಯಿಗೆ ಯಾವ ಸ್ವರ ಕೊಟ್ಟಿದ್ದೀರಿ? ‘ಆ’ ಕೊಟ್ಟರೆ ಗಂಟಲು ತೆರೆದು ಹಾಡುತ್ತಾರೆ. ನಮ್ಮ ಎಷ್ಟೋ ಪದಗಳು ‘ಉ’ದಲ್ಲಿ ಮುಗಿಯುತ್ತವೆ, ಅಲ್ಲಿ ದನಿ ನಿಲ್ಲಿಸಿದರೆ ತುಟಿ ಮುಚ್ಚಿಕೊಂಡು ಊಊ ಅಂತ ಊಳಿಟ್ಟ ಹಾಗೆ ಕೇಳುತ್ತದೆ. ಹಾಗಾಗಿ ಸಾಲು ಮುಗಿದ ಮೇಲೆ ನಾನೇ ನನ್ನ ಕೆಟ್ಟ ದನಿಯಲ್ಲಿ ಹಾಡಿ ರೆಕಾರ್ಡ್ ಮಾಡುತ್ತೇನೆ. ಉಸಿರು ಸಿಕ್ಕಿಕೊಂಡ ಕಡೆ ಪೆನ್ಸಿಲಿನಲ್ಲಿ ಓರೆ ಗೆರೆ. ರೆಕಾರ್ಡರ್ ಇರುವುದು ಇದಕ್ಕೆ. ಆ ಫೈಲುಗಳನ್ನು ಯಾರಿಗೂ ಕೇಳಿಸುವುದಿಲ್ಲ, ಕೇಳಬೇಡಿ.

ಈ ಗೆರೆ ಯಾಕೆ ಮುಖ್ಯ ಅಂದರೆ, ಒಂದು ಪ್ರೇಮಗೀತೆಯಲ್ಲಿ ‘ಕೈಯ ಬಿಡಲಾರೆ’ ಅಂತ ಇತ್ತು. ಸಾಹಿತ್ಯ ಒಪ್ಪಿಗೆಯಾಗಿ, ಗಾಯಕಿ ಮೈಕ್ ಮುಂದೆ ನಿಂತ ಮೇಲೆ ಸಂಗೀತ ನಿರ್ದೇಶಕರಿಗೆ ವಿರಾಮವನ್ನು ಸ್ವಲ್ಪ ಹಿಂದೆ ಸರಿಸುವ ಮನಸ್ಸಾಯಿತು. ಸರಿಸಿದರು. ಆಕೆ ಹಾಡಿದರು: ‘ಕೈಯ ಬಿಡಲಾ...’ ಉಸಿರು. ‘...ರೆ’. ನಾಯಕಿ ಕೈ ಬಿಡೋಕೆ ಅನುಮತಿ ಕೇಳಿದ ಹಾಗಾಯಿತು. ಗಾಜಿನ ಆಚೆ ಆಕೆಗೆ ನಗು ತಡೆಯಲಾಗಲಿಲ್ಲ, ಈಚೆ ಎಲ್ಲರೂ ನನ್ನ ಮುಖ ನೋಡಿದರು. ವಿರಾಮ ಸರಿಸಿದ್ದು ಅವರು, ತಿದ್ದಬೇಕಾದ್ದು ನಾನು. ನ್ಯಾಯ ಕೇಳುವ ಜಾಗ ಅದಲ್ಲ. ‘ಕೈಯ ಬಿಡಲಾ’ ಏಳು ಮಾತ್ರೆ, ಕೊನೆಗೊಂದು ಗುರು. ಅಷ್ಟರಲ್ಲೇ ಮಾತು ಮುಗಿಯಬೇಕು, ಅರ್ಥ ಉಲ್ಟಾ ಆಗಬಾರದು, ಬಾಯಿ ತೆರೆದೇ ಇರಬೇಕು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿತ್ತು. ‘ಕೈಯ ಬಿಡೆ ನಾ’ ಅಂತ ಚೀಟಿಯಲ್ಲಿ ಬರೆದು ಒಳಗೆ ಕಳಿಸಿದೆ. ‘ರೆ’ ಇದ್ದ ಕಡೆ ಒಂದು ಮಾತ್ರೆ ಖಾಲಿ ಉಳಿಯಿತು. ಏನಾದರೂ ತುಂಬೋಣವಾ ಅಂತ ನಿರ್ದೇಶಕರು ಕೇಳಿದರು. ಬೇಡ, ಅದು ಉಸಿರಿಗೇ ಇರಲಿ ಅಂತ ಗಾಯಕಿಯೇ ಒಳಗಿಂದ ಹೇಳಿದರು.