ಬಂದೂಕಿಲ್ಲದವರ ಹೆಸರು ಬರೆದುಕೊಂಡವರಾರು?

ನಾನು ಭಾರತದವಳೆಂದು ತಿಳಿದರೆ ಸಾಕು, ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ನಡುವಯಸ್ಸಿನ ಹೆಂಗಸರು ನಮ್ಮ ಪೊಲೀಸ್ ಹೆಣ್ಣುಮಕ್ಕಳ ಮಾತು ತೆಗೆಯುತ್ತಾರೆ. 2007ರ ಜನವರಿಯಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರು ಇಲ್ಲಿಗೆ ಬಂದಿಳಿದರು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಮಹಿಳೆಯರದ್ದೇ ಆದ ಮೊದಲ ಪೊಲೀಸ್ ತುಕಡಿ ಅದು. ತಂಡಗಳು ಬದಲಾಗುತ್ತ 2016ರವರೆಗೂ ಇಲ್ಲಿ ಗಸ್ತು ತಿರುಗಿದವು. ಈ ಮಾತು ಕೇಳಿದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ಆದರೆ ಊರಿನವರಿಗೆ ನಾನು ಹೇಳಲೇಬೇಕಾದದ್ದು ಅದಕ್ಕಿಂತ ಹಿಂದಿನ ಸಂಗತಿ. 2003ರಲ್ಲಿ, ಇನ್ನೂ ಅಂತರ್ಯುದ್ಧ ನಡೆಯುತ್ತಿದ್ದಾಗ, ಬಿಳಿ ಬಟ್ಟೆಯುಟ್ಟ ಇಲ್ಲಿನ ಹೆಂಗಸರು ರಸ್ತೆಬದಿಯಲ್ಲಿ ದಿನಗಟ್ಟಲೆ ಕುಳಿತು ಶಾಂತಿ ಬೇಡಿದರು. ಅವರ ಮುಂದಾಳು ಲೇಮಾ ಬೋವಿ ಮತ್ತು ಸಂಗಾತಿಗಳು ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆಯ ಸಭಾಂಗಣದ ಬಾಗಿಲಿಗೇ ಅಡ್ಡ ಕುಳಿತರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಆಯುಧ ಒಪ್ಪಿಸಿದ ಹೋರಾಟಗಾರರಿಗೆ ಹಣ, ತರಬೇತಿ ಕೊಡುವ ಯೋಜನೆ ಆ ವರ್ಷದ ಕೊನೆಗೆ ಶುರುವಾಯಿತು.

ಪಕ್ಕದ ಸಿಯೆರಾ ಲಿಯೋನ್‌ನ ಇಂಥದೇ ಯೋಜನೆಯಲ್ಲಿ ಬಂದೂಕು ತಂದವರಿಗೇ ಆದ್ಯತೆ ಕೊಟ್ಟದ್ದರಿಂದ ಅಸಂಖ್ಯ ಹುಡುಗಿಯರು ಹೊರಗುಳಿದಿದ್ದರು. ಪಡೆಗೆ ಅಡುಗೆ ಮಾಡಿದವಳು, ಮದ್ದುಗುಂಡಿನ ಹೊರೆ ಹೊತ್ತವಳು, ಕಮಾಂಡರನ ಹೆಂಡತಿಯೆಂದು ಎಳೆದೊಯ್ಯಲಾದವಳು ಬಂದೂಕು ತರುವುದೆಲ್ಲಿಂದ? ಮಾಜಿ ಹೋರಾಟಗಾರರಲ್ಲಿ ಹೆಣ್ಣು, ಗಂಡುಗಳ ಅಗತ್ಯಗಳನ್ನು ಬೇರೆಬೇರೆಯಾಗಿ ಗಮನಿಸಬೇಕೆಂದು ಭದ್ರತಾ ಮಂಡಳಿಯ 1325ನೇ ನಿರ್ಣಯ 2000ದಲ್ಲೇ ಹೇಳಿತ್ತು. ಲೈಬೀರಿಯಾದಲ್ಲಿ ಇಂಥವರನ್ನೂ ಸೇರಿಸಿಕೊಂಡರು. ನೋಂದಾಯಿಸಿಕೊಂಡ ಒಂದು ಲಕ್ಷಕ್ಕೂ ಮಿಕ್ಕಿದವರಲ್ಲಿ 20 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಬಂದೂಕೆಲ್ಲಿ ಎಂದಷ್ಟೇ ಕೇಳದೆ, ಪಡೆಯಲ್ಲಿ ಏನು ಮಾಡಿದೆ ಎಂಬ ಸರಿಯಾದ ಪ್ರಶ್ನೆ ಕೇಳಿದ್ದರಿಂದ ಇಷ್ಟು ಜನ ಲೆಕ್ಕಕ್ಕೆ ಬಂದರು!

ಆದರೂ ಬಾರದವರು ಎಷ್ಟೋ. ನಾನು ಒಣಮೀನು, ಮೆಣಸಿನಕಾಯಿ ಕೊಳ್ಳುವ ಓಲ್ಡ್ ಮಾ (ಹಿರಿಯ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ) ಅವರಲ್ಲೊಬ್ಬರು. ಒರಳಿನಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತಲೇ ಹೇಳಿದರು: “ಎರಡು ವರ್ಷ ಅವರಿಗೆ ಬೇಯಿಸಿಹಾಕಿದೆ. ಹೆಸರು ಬರೆಸಬೇಕಾದರೆ ಶಿಬಿರದ ಗೇಟಿನಲ್ಲಿ ಆ ಗಂಡಸರ ಸಾಲಿನಲ್ಲೇ ನಿಲ್ಲಬೇಕಿತ್ತು. ನೋಡಿದವರು ಬಂಡುಕೋರರವಳು ಎನ್ನುವುದಿಲ್ಲವೇ?”

ಬರೆದುಕೊಳ್ಳುವ ಮೇಜು ಮಾರುಕಟ್ಟೆಯಲ್ಲಿದ್ದು, ಅದರ ಹಿಂದೆ ಒಬ್ಬ ಹೆಂಗಸು ಕುಳಿತಿದ್ದರೆ ಹೋಗುತ್ತಿದ್ದಿರಾ ಎಂದು ಕೇಳಿದೆ.

“ಅಂದೇ ಹೋಗುತ್ತಿದ್ದೆ. ನನ್ನ ತಂಗಿಯನ್ನೂ ಕರೆದುಕೊಂಡು” ಎಂದರು.